ವಾಟರ್‌ಸ್ಕೀ ದೋಣಿ: ಔಟ್‌ಬೋರ್ಡ್, ಇನ್‌ಬೋರ್ಡ್, ಬಾಡಿಗೆ – ಹುಬ್ಬಳ್ಳಿಯವರಿಗೆ ಯಾವುದು ಕಟ್ಟುತ್ತದೆ?

ದೋಣಿ ಎಳೆಯುವ ಹಗ್ಗ ಹಿಡಿದು, ಕಾಲಿಗೆ ಕಟ್ಟಿದ ಹಲಗೆಯ ಮೇಲೆ ನೀರಿನಲ್ಲಿ ಜಾರುವ ವಾಟರ್‌ಸ್ಕೀ, ವೇಕ್‌ಬೋರ್ಡ್ ಎಂದು ಹುಚ್ಚು ಹತ್ತಿಸಿಕೊಂಡ ಹುಬ್ಬಳ್ಳಿ-ಧಾರವಾಡದವರು ಯಾವ ದೋಣಿ ಒಳ್ಳೆಯದು ಎಂದು ಯಾರು ಕೇಳಿದರೂ ನನ್ನ ಉತ್ತರ ಒಂದೇ: ನಾಲ್ವರು ಸೇರಿ ಹಗುರವಾದ ಹಳೆಯ ಫೈಬರ್ ದೋಣಿಯೊಂದನ್ನು ಕೊಳ್ಳಿ, ಹಿಂದೆ 60 ಅಶ್ವಶಕ್ತಿಯ ಫೋರ್‌ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಎಂಜಿನ್, ಇರಲಿ. ನಮ್ಮದು ಅಂಥದ್ದೇ. ಕಾರವಾರದ ಹತ್ತಿರ ಕಾಳಿ ನದಿಯ ದಡದ ತೆಂಗಿನ ತೋಟವೊಂದರಲ್ಲಿ ಬಾಡಿಗೆ ಕೊಟ್ಟು ಇಟ್ಟಿದ್ದೇವೆ. ಊರಿನಲ್ಲೇ ಏಕಿಲ್ಲ ಎಂದರೆ, ಉಣಕಲ್ಲ ಕೆರೆ, ಕೆಲಗೇರಿ ಕೆರೆ ಈ ಆಟಕ್ಕೆ ಸಣ್ಣವು. ನೀರಸಾಗರ, ರೇಣುಕಾಸಾಗರ ಕುಡಿಯುವ ನೀರಿನವು. ಹೀಗಾಗಿ ನಸುಕಿನಲ್ಲೇ ಎದ್ದು ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯಬೇಕು.

ಗೋವಾದಲ್ಲಿರುವ ನಮ್ಮ ಸೋದರಮಾವನ ಮಗನ ಬಳಿ ಈ ಆಟಕ್ಕೆಂದೇ ಕಟ್ಟಿದ, ಎಂಜಿನ್ ಒಳಗೇ ಇರುವ ಇನ್‌ಬೋರ್ಡ್ ದೋಣಿ ಇದೆ, ಹೊರದೇಶದ್ದು. ಅದರ ಹಿಂದೆಯೂ ಹಗ್ಗ ಹಿಡಿದಿದ್ದೇನೆ, ಒಂದು ಹಂಗಾಮಿನ ಖರ್ಚಿಗೂ ಹೆಗಲು ಕೊಟ್ಟಿದ್ದೇನೆ. ಅದರ ಸುಖವೇ ಬೇರೆ, ಅದನ್ನು ಅಲ್ಲಗಳೆಯಲಾರೆ. ನಡುವೆ ನೆಟ್ಟ ಎಂಟು ಸಿಲಿಂಡರಿನ ವಿ-8 ಎಂಜಿನ್, ಹೊಟ್ಟೆಯ ಕೆಳಗೆ ಪ್ರೊಪೆಲ್ಲರ್, ಎತ್ತರದ ಗೋಪುರಕ್ಕೆ ಕಟ್ಟಿದ ಹಗ್ಗ. ಹೊಸ ಮಾದರಿಗಳಲ್ಲಿ ಅಲೆ ದೊಡ್ಡದಾಗಲೆಂದು ಒಂದು ಟನ್ನಿಗೂ ಹೆಚ್ಚು ನೀರನ್ನು ದೋಣಿಯೊಳಗೇ ತುಂಬಿಕೊಳ್ಳುತ್ತಾರೆ. ಅಷ್ಟು ಭಾರ ಹೊತ್ತು ಅಲೆ ಎಬ್ಬಿಸುವ ಎಂಜಿನ್ ಗಂಟೆಗೆ 20 ಲೀಟರ್ ಮೀರಿ ಪೆಟ್ರೋಲ್ ಕುಡಿಯುತ್ತದೆ. ನಮ್ಮಲ್ಲಿ ಲೀಟರಿನ ಬೆಲೆ 100 ರೂಪಾಯಿ ದಾಟಿ ಕುಳಿತಿದೆ.

ಕೊಳ್ಳುವ ಬೆಲೆಯಂತೂ ಕೈಗೆಟುಕುವ ಮಾತಲ್ಲ. ಅಮೆರಿಕದಲ್ಲೇ ಇಂಥ ಹೊಸ ದೋಣಿಗಳು 1 ಲಕ್ಷ ಡಾಲರ್ ದಾಟಿವೆ, ದೊಡ್ಡ ಮಾದರಿಗಳು 2 ಲಕ್ಷವನ್ನೂ ಮೀರಿವೆ. ಅಲ್ಲಿನ ಮಧ್ಯಮ ವರ್ಗದ ಕುಟುಂಬಗಳೇ ಹಿಂದೆ ಸರಿಯುತ್ತಿರುವಾಗ ನಾವು ಅದರ ಮೇಲೆ ಸಾಗಣೆ, ಆಮದು ಸುಂಕ, ಜಿಎಸ್‌ಟಿ ಎಲ್ಲವನ್ನೂ ಹೊರಬೇಕು. ಮೋಜಿನ ದೋಣಿಗಳ ಮೇಲೆ 28 ಪ್ರತಿಶತ ಜಿಎಸ್‌ಟಿ ಮತ್ತು ಸೆಸ್ ಇತ್ತು; 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೇ 40 ಪ್ರತಿಶತ. ಡಾಲರ್ ಏರಿದಾಗಲೆಲ್ಲ ಬಿಡಿಭಾಗದ ಬೆಲೆಯೂ ಏರುತ್ತದೆ. ಸೋದರಮಾವನ ಮಗ ನೀರಿನ ಪಂಪಿನ ಒಂದು ಭಾಗಕ್ಕೆ ಕಾಯುತ್ತಾ, ಆಟಕ್ಕೆ ಒಳ್ಳೆಯ ಡಿಸೆಂಬರ್ ತಿಂಗಳನ್ನು ಪೂರ್ತಿ ಕಳೆದುಕೊಂಡ. ಅದೇ ಹೊತ್ತಿಗೆ ನಮ್ಮ ಔಟ್‌ಬೋರ್ಡಿನಲ್ಲಿ ತಂಪಿನ ನೀರು ತಳ್ಳುವ ಇಂಪೆಲ್ಲರ್ ಸವೆದಿತ್ತು; ಮೀನುಗಾರರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಅಂದೇ ಸಿಕ್ಕಿತು.

ಬಾಡಿಗೆಯ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಕಡಲತೀರದ ದೋಣಿಗಳು ಬಾಳೆಹಣ್ಣಿನ ಆಕಾರದ ಗಾಳಿದೋಣಿ ಎಳೆಯುವುದಕ್ಕೆ ಸರಿ. ಸ್ಕೀ ಕಲಿಯುವವನಿಗೆ ಬೇಕಾದದ್ದು ಒಂದೇ ಹದದ ಎಳೆತ; ಅವಸರದ ಚಾಲಕ ಜಗ್ಗಿದರೆ ಭುಜ ಹಿಡಿದುಕೊಳ್ಳುತ್ತದೆ.

ಇನ್ನು ನಮ್ಮ ದೋಣಿಯ ತೊಂದರೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಮಾರುವವರು ಯಾರೂ ಇದರ ಸುದ್ದಿ ಎತ್ತುವುದಿಲ್ಲ. ತೊಂದರೆ ಇರುವುದು ಪೆಟ್ರೋಲಿನಲ್ಲಿ. ಈಗ ಬಂಕಿನಲ್ಲಿ ಸಿಗುವುದು 20 ಪ್ರತಿಶತ ಎಥೆನಾಲ್ ಬೆರೆಸಿದ್ದು. ಔಟ್‌ಬೋರ್ಡ್ ತಯಾರಕರು ಸಾಮಾನ್ಯವಾಗಿ ಒಪ್ಪುವುದು 10 ಪ್ರತಿಶತದವರೆಗೆ. ದಿನವೂ ಓಡುವ ಬೈಕಿಗೆ ಇದು ಅಷ್ಟಾಗಿ ಕಾಡದಿರಬಹುದು. ಆದರೆ ದೋಣಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾಡಪತ್ರಿಯ ಕೆಳಗೆ ನಿಂತಿರುತ್ತದೆ. ಕರಾವಳಿಯ ಮಳೆಗಾಲದ ಗಾಳಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ. ಆ ಗಾಳಿ ಟ್ಯಾಂಕಿನ ಉಸಿರುರಂಧ್ರದಿಂದ ಒಳಗೆ ಹೋಗಿ ಬರುತ್ತಿರುತ್ತದೆ, ಎಥೆನಾಲ್ ಅದರ ತೇವವನ್ನು ಹೀರುತ್ತದೆ. ನಮ್ಮ ಟ್ಯಾಂಕಿನ ಮುಚ್ಚಳದ ರಬ್ಬರ್ ವಾಷರ್ ಬೇರೆ ಬಿರುಕು ಬಿಟ್ಟು ಮಳೆನೀರನ್ನೂ ಬಿಟ್ಟುಕೊಂಡಿತ್ತು.

ಅಕ್ಟೋಬರಿನಲ್ಲಿ ಎಂಜಿನ್ ಒಮ್ಮೆ ಕೆಮ್ಮಿ ನಿಂತುಬಿಟ್ಟಿತು. ಟ್ಯಾಂಕಿನ ತಳದಿಂದ ಒಂದಿಷ್ಟನ್ನು ಗಾಜಿನ ಬಾಟಲಿಗೆ ಇಳಿಸಿ ಬಿಸಿಲಿಗೆ ಹಿಡಿದೆವು. ಮೇಲೆ ತಿಳಿ ಪೆಟ್ರೋಲ್, ಕೆಳಗೆ ಎರಡು ಬೆರಳಿನಷ್ಟು ಮಬ್ಬು ನೀರು, ನಡುವೆ ಗೆರೆ ಎಳೆದಂಥ ಅಂಚು. ಆ ಕೆಳಗಿನದು ಎಥೆನಾಲ್ ಮತ್ತು ನೀರು ಒಂದಾಗಿ ಬೇರೆಯಾದದ್ದು. ಎಂಜಿನ್ ಮೊದಲು ಹೀರುವುದೇ ಅದನ್ನು. ಹಳೆಯ ಮಾದರಿಯಾದ್ದರಿಂದ ನಾಲ್ಕು ಸಿಲಿಂಡರಿಗೆ ನಾಲ್ಕು ಕಾರ್ಬ್ಯುರೇಟರ್. ನಾಲ್ಕನ್ನೂ ಬಿಚ್ಚಿ ಹುಬ್ಬಳ್ಳಿಗೆ ತಂದು ನಮ್ಮ ಓಣಿಯ ಬೈಕ್ ಮೇಸ್ತ್ರಿಯ ಮುಂದೆ ಹರವಿದೆವು. ಪೆಟ್ರೋಲ್ ಅಳೆದು ಬಿಡುವ ಜೆಟ್‌ಗಳ ಸೂಜಿಮೊನೆಯಷ್ಟು ತೂತುಗಳಲ್ಲಿ ಹಸಿರು ಕಿಲುಬು ಕಟ್ಟಿತ್ತು. ತಂತಿ ಹಾಕಿದರೆ ತೂತು ದೊಡ್ಡದಾಗಿ ಅಳತೆ ಕೆಡುತ್ತದೆಂದು ಅವರು ದ್ರಾವಕದಲ್ಲಿ ನೆನೆಸಿ, ಗಾಳಿ ಹೊಡೆದು, ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿ ತೃಪ್ತಿಯಾದ ಮೇಲೆಯೇ ಕೊಟ್ಟರು.

ಈಗ ಮಳೆಗಾಲಕ್ಕೆ ಮೊದಲು ಟ್ಯಾಂಕ್ ಪೂರ್ತಿ ಖಾಲಿ ಮಾಡುತ್ತೇವೆ. ಇಂಧನದ ಕೊಳವೆ ಕಳಚಿ, ತಂಪಿಗೆ ನೀರಿನ ಪೈಪ್ ಹಚ್ಚಿ, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸುತ್ತೇವೆ. ಕಾರ್ಬ್ಯುರೇಟರಿನ ಬಟ್ಟಲುಗಳಲ್ಲಿ ಉಳಿದದ್ದನ್ನೂ ತಿರುಪು ಸಡಿಲಿಸಿ ಇಳಿಸುತ್ತೇವೆ. ನೀರು ಬೇರ್ಪಡಿಸುವ ಫಿಲ್ಟರ್ ಕೂರಿಸಿದ್ದೇವೆ. ದೋಣಿ ಕೊಂಡವರು ಮೊದಲು ಅದನ್ನು ಕೂರಿಸಿ, ಬಣ್ಣ, ಸೀಟು ಆಮೇಲೆ.

ಉಪ್ಪುನೀರಿನಿಂದ ಬಂದ ಕೂಡಲೇ ಸಿಹಿನೀರು ಹರಿಸಿ ಎಂಜಿನ್ ತೊಳೆಯುವುದು ಔಟ್‌ಬೋರ್ಡ್, ಇನ್‌ಬೋರ್ಡ್ ಎರಡಕ್ಕೂ ಒಂದೇ. 1917ರ ಕಾಯ್ದೆಯ ಜಾಗಕ್ಕೆ 2021ರ ಒಳನಾಡು ಹಡಗುಗಳ ಕಾಯ್ದೆ ಬಂದ ಮೇಲೂ ನೋಂದಣಿ, ವಿಮೆ ತಪ್ಪಿದ್ದಲ್ಲ. ಎರಡಕ್ಕೂ ಆ ಖರ್ಚು ಇದ್ದದ್ದೇ.

ಒಂದು ವಿಷಯದಲ್ಲಿ ಇನ್‌ಬೋರ್ಡಿಗೆ ಸಾಟಿಯಿಲ್ಲ. ಹಗ್ಗ ಬಿಟ್ಟು ದೋಣಿಯ ಬೆನ್ನಿಗೇ ಅಲೆಯ ಮೇಲೆ ಜಾರುವ ವೇಕ್‌ಸರ್ಫ್ ನಿಮಗೆ ಬೇಕಿದ್ದರೆ ಔಟ್‌ಬೋರ್ಡ್ ಹತ್ತಿರವೂ ಸುಳಿಯಬೇಡಿ. ಅದರ ಪ್ರೊಪೆಲ್ಲರ್ ಹಿಂದೆಯೇ ತಿರುಗುತ್ತಿರುತ್ತದೆ, ಬಿದ್ದವರು ಜೀವ ಕಳೆದುಕೊಳ್ಳಬಹುದು. ಇದರಲ್ಲಿ ರಾಜಿ ಬೇಡ. ಮೈತೂಕ ಹೆಚ್ಚಿದ್ದವರು ಒಂದೇ ಸ್ಕೀ ಮೇಲೆ ಆಳದ ನೀರಿನಿಂದ ಏಳುವಾಗಲೂ 60 ಅಶ್ವಶಕ್ತಿ ತಿಣುಕುತ್ತದೆ. ಎರಡು ಸ್ಕೀ ಅಥವಾ ವೇಕ್‌ಬೋರ್ಡಿಗೆ ಸಾಕಾಗುತ್ತದೆ.

ನಾವು ಸಂಬಳ, ಸಣ್ಣ ವ್ಯಾಪಾರ ನಂಬಿಕೊಂಡ ಜನ. ರಜೆ ಸಿಕ್ಕಾಗಷ್ಟೇ ಘಟ್ಟ ಇಳಿಯುತ್ತೇವೆ, ವೇಕ್‌ಸರ್ಫ್ ಆಡುವುದಿಲ್ಲ. ನಮ್ಮ ಹಣ ನೀರಿನ ಮೇಲೆ ಕಳೆಯುವ ಹೊತ್ತಿಗೆ ಹೋಗಬೇಕೇ ಹೊರತು ದೋಣಿ ಸುಮ್ಮನೆ ನಿಂತಿರುವ ತಿಂಗಳುಗಳಿಗಲ್ಲ. ಹಾಗಾಗಿ ನನ್ನ ಮತ ಪಾಲಿನ ಔಟ್‌ಬೋರ್ಡಿಗೇ. ಹಳೆಯದನ್ನು ನೋಡಲು ಹೋದಾಗ ಗೇರ್ ಆಯಿಲ್ ಒಂದು ಹನಿ ಇಳಿಸಿ ನೋಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಎಂದೇ ಅರ್ಥ, ಬೆಲೆ ಎಷ್ಟೇ ಇಳಿಸಿದರೂ ಬಿಟ್ಟು ಬನ್ನಿ.