ಬಳಸಿದ ಸ್ವಿಫ್ಟ್: ಕೊಳ್ಳುವ ಮುನ್ನ ನೋಡಬೇಕಾದದ್ದು

2011ರಲ್ಲಿ ಬಂದ ಎರಡನೇ ತಲೆಮಾರಿನ ಮಾರುತಿ ಸ್ವಿಫ್ಟ್‌ಗೆ ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಬೇಡಿಕೆ ಇನ್ನೂ ಕುಗ್ಗಿಲ್ಲ. ಹೀಗಾಗಿ ಚೌಕಾಸಿಗೆ ಅವಕಾಶವೂ ಕಡಿಮೆ. ಇದರ 1197 ಸಿಸಿ ಪೆಟ್ರೋಲ್ ಎಂಜಿನ್‌ನಲ್ಲಿ ಕವಾಟಗಳನ್ನು ಸರಿಯಾದ ಸಮಯಕ್ಕೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟಿನ ಬದಲು ಹೆಚ್ಚು ಕಾಲ ಬಾಳುವ ಚೈನ್ ಇರುವುದರಿಂದ, ಆಯಿಲನ್ನು ಕಾಲಕಾಲಕ್ಕೆ ಬದಲಿಸಿರುವ ಕಾರು ಲಕ್ಷ ಕಿಲೋಮೀಟರ್ ಸಮೀಪಿಸಿದ್ದರೂ ಹಿಂಜರಿಯಬೇಕಾಗಿಲ್ಲ. ಆದರೆ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು, ಏಕೆಂದರೆ ಮಾರುವವರು ಅದನ್ನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಸಡಿಲಗೊಂಡ ಚೈನಿನ ಸದ್ದಾಗಲಿ, ಆಯಿಲ್ ಸುಡುತ್ತಿರುವುದನ್ನು ಸೂಚಿಸುವ ನೀಲಿ ಹೊಗೆಯಾಗಲಿ ಮರೆಯಾಗಿಬಿಡಬಹುದು.

ಮೀಟರಿನ ಅಂಕಿಯನ್ನು ನಾನು ಎಲ್ಲಕ್ಕಿಂತ ಕೊನೆಗೆ ನಂಬುತ್ತೇನೆ. ನಲವತ್ತು ಸಾವಿರ ಕಿಲೋಮೀಟರ್ ಓಡಿದೆಯೆನ್ನುವ ಕಾರಿನ ಪೆಡಲ್ ರಬ್ಬರ್ ನುಣುಪಾಗಿ ಸವೆದಿದ್ದರೆ ಸರ್ವೀಸ್ ದಾಖಲೆಯನ್ನು ಕೇಳಲೇಬೇಕು. ಬಾಗಿಲು ಮತ್ತು ಬಾನೆಟ್‌ನ ಬೋಲ್ಟುಗಳ ಮೇಲೆ ಸ್ಪ್ಯಾನರ್ ಗುರುತು ಕಂಡರೆ ಅವನ್ನು ಒಮ್ಮೆ ಬಿಚ್ಚಲಾಗಿದೆ ಎಂದರ್ಥ; ಅದಕ್ಕೆ ಅಪಘಾತದ ರಿಪೇರಿ ಕಾರಣವಿರಬಹುದು. ಟೈರಿನ ಪಕ್ಕದ ನಾಲ್ಕಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಉಳಿದೆರಡು ವರ್ಷವನ್ನೂ ತಿಳಿಸುತ್ತವೆ.

ಓಡಿಸಲು ಹಗುರವಾದ ಈ ಕಾರಿನ ಡಿಕ್ಕಿ 204 ಲೀಟರ್ ಮಾತ್ರ, ಹಿಂದಿನ ಸೀಟೂ ಇಕ್ಕಟ್ಟು. ಅದಕ್ಕಿಂತ ಮುಖ್ಯವಾಗಿ, ಕಾರುಗಳನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ 2014ರ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಸ್ವಿಫ್ಟ್‌ಗೆ ಶೂನ್ಯ ತಾರೆ ದೊರೆತಿತ್ತು. ಆದ್ದರಿಂದ ಏರ್‌ಬ್ಯಾಗ್ ಇರುವ ಮೇಲ್ದರ್ಜೆಯ ಮಾದರಿಯನ್ನಷ್ಟೇ ಪರಿಗಣಿಸುವುದು ಒಳಿತು. ಆರ್‌ಸಿಯಲ್ಲಿ ಸಾಲದ ನಮೂದಿದ್ದರೆ, ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಹಾಗೂ ಆ ನಮೂದನ್ನು ತೆಗೆಸಲು ಬೇಕಾದ ಫಾರ್ಮ್ 35 ಕೈಗೆ ಬರುವವರೆಗೆ ಮುಂಗಡ ಕೊಡಬಾರದು.