ವರ್ಕ್_ಮೆಮ್ ಏರಿಸುವ ಮುನ್ನ: ಕಾಫಿ ಸುಗ್ಗಿಯಲ್ಲಿ ನಮ್ಮ ಡೇಟಾಬೇಸ್ ಕುಸಿದ ಬಗೆ

ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಯೊಬ್ಬರ ಲೆಕ್ಕಪತ್ರದ ತಂತ್ರಾಂಶವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿನ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇರುವುದು 16 ಜಿಬಿ ರ್‍ಯಾಮ್‌ನ ಒಂದೇ ಸರ್ವರಿನಲ್ಲಿ. ಕಳೆದ ಜೂನ್‌ನಲ್ಲಿ ವಾರ್ಷಿಕ ವರದಿಗೆ ಆರೇಳು ನಿಮಿಷ ಹಿಡಿಯುತ್ತಿದೆ ಎಂದು ಲೆಕ್ಕಿಗರು ದೂರಿದಾಗ, ವಿಂಗಡಣೆಯ ದತ್ತಾಂಶ ಡಿಸ್ಕ್‌ನ ತಾತ್ಕಾಲಿಕ ಕಡತಗಳಿಗೆ ಸುರಿಯುತ್ತಿರುವುದನ್ನು ಕಂಡು, ವಿಂಗಡಣೆಯಂಥ ಕೆಲಸಕ್ಕೆ ಎಷ್ಟು ಮೆಮೊರಿ ಬಳಸಬಹುದೆಂದು ಹೇಳುವ ವರ್ಕ್_ಮೆಮ್ ಮಿತಿಯನ್ನು 4 ಎಂಬಿಯಿಂದ 256 ಎಂಬಿಗೆ ಏರಿಸಿದೆ. ವರದಿ ಒಂದು ನಿಮಿಷದೊಳಗೆ ಬಂತು. ಸರ್ವರ್ ನಿಲ್ಲಿಸುವ ಅಗತ್ಯವೂ ಇಲ್ಲದ ಬದಲಾವಣೆಯಾದ್ದರಿಂದ ಎಲ್ಲಿಯೂ ಬರೆದಿಡದೆ ಮರೆತೂಬಿಟ್ಟೆ.

ಜನವರಿಯಲ್ಲಿ ಅರೇಬಿಕಾ ಕೊಯ್ಲು ಮುಗಿಯುತ್ತ ರೋಬಸ್ಟಾ ಬರತೊಡಗಿದಾಗ, ಮೂಡಿಗೆರೆ ಮತ್ತು ಆಲ್ದೂರಿನ ಡಿಪೋಗಳೂ ಸೇರಿ ನಲವತ್ತಕ್ಕೂ ಹೆಚ್ಚು ಸಂಪರ್ಕಗಳು ತೆರೆದಿದ್ದ ಒಂದು ಬೆಳಗ್ಗೆ, ಎಲ್ಲ ಪರದೆಗಳೂ ಒಮ್ಮೆಲೇ ನಿಂತವು. ಎರಡು ನಿಮಿಷದಲ್ಲಿ ತಾನಾಗಿಯೇ ಸರಿಹೋಯಿತು. ಮರುದಿನವೂ ಹಾಗೆಯೇ ಆಯಿತು. ಕರೆಂಟಿನ ದೋಷವೆಂದುಕೊಂಡು ಯುಪಿಎಸ್ ಬ್ಯಾಟರಿ ಬದಲಾಯಿಸಿದೆವು. ಆ ಖರ್ಚು ದಂಡವಾಯಿತು.

ಮೂರನೆಯ ದಿನ ಬೆಳೆಗಾರರೊಬ್ಬರು ತೂಕದ ಚೀಟಿ ಹಿಡಿದು ಬಂದರು. 38 ಚೀಲ ಪಾರ್ಚ್‌ಮೆಂಟ್ ಕಾಫಿ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು), ನಮ್ಮದೇ ಮೊಹರು. ಖಾತೆಯಲ್ಲಿ ಆ ನಂಬರೇ ಇರಲಿಲ್ಲ. “ಹಾಗಾದ್ರೆ ನನ್ನ ಕಾಫಿ ಎಲ್ಲಿಗೆ ಹೋಯ್ತು ಸ್ವಾಮಿ?” ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ತಂತ್ರಾಂಶ ನಮೂದು ಕಮಿಟ್ ಆಗುವ, ಅಂದರೆ ಡೇಟಾಬೇಸಿನಲ್ಲಿ ಶಾಶ್ವತವಾಗಿ ದಾಖಲಾಗುವ, ಮೊದಲೇ ಚೀಟಿಯನ್ನು ಮುದ್ರಿಸುತ್ತಿತ್ತು ಎಂಬ ಹಳೆಯ ತಪ್ಪು ಆಗಲೇ ಹೊರಬಿದ್ದದ್ದು.

ಆ ಸಂಜೆ ಲಾಗ್ ತೆರೆದರೆ, ಒಂದು ಪ್ರಕ್ರಿಯೆ ಸಿಗ್ನಲ್ 9ರಿಂದ ಕೊನೆಗೊಂಡ ಸಾಲು ಕಂಡಿತು. ಲಿನಕ್ಸ್‌ನ ಒಳಗಿನ ಸಂದೇಶಗಳನ್ನು ತೋರಿಸುವ ಡಿಮೆಸೆಜ್‌ನಲ್ಲಿ, ಮೆಮೊರಿ ಸಾಲದೆ ಲಿನಕ್ಸ್ ಕರ್ನೆಲ್ಲೇ ಅದನ್ನು ಕೊಂದ ದಾಖಲೆಯಿತ್ತು. ಹೀಗೆ ಒಂದು ಪ್ರಕ್ರಿಯೆ ಹಠಾತ್ತನೆ ಸತ್ತರೆ, ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದೆಂದು ಪೋಸ್ಟ್‌ಗ್ರೆಸ್ ಉಳಿದ ಎಲ್ಲ ಸಂಪರ್ಕಗಳನ್ನೂ ಕಡಿದು ಚೇತರಿಕೆಗೆ ಇಳಿಯುತ್ತದೆ. ಕಮಿಟ್ ಆಗದ ನಮೂದುಗಳೆಲ್ಲ ಅಳಿಯುತ್ತವೆ.

ನಾನು ಎಡವಿದ್ದು ಇಲ್ಲಿ: ವರ್ಕ್_ಮೆಮ್ ಇಡೀ ಸರ್ವರಿನ ಮಿತಿಯಲ್ಲ, ಒಂದು ಸಂಪರ್ಕದ ಮಿತಿಯೂ ಅಲ್ಲ. ಕ್ವೆರಿಯೊಂದರ (ಡೇಟಾಬೇಸಿಗೆ ಕೇಳುವ ಪ್ರಶ್ನೆಯ) ಪ್ರತಿಯೊಂದು ವಿಂಗಡಣೆಗೂ, ಕೋಷ್ಟಕಗಳನ್ನು ಜೋಡಿಸಲು ಅಥವಾ ಗುಂಪುಮಾಡಲು ಕಟ್ಟುವ ಪ್ರತಿಯೊಂದು ಹ್ಯಾಶ್‌ಗೂ ಅದು ಬೇರೆ ಬೇರೆಯಾಗಿ ಅನ್ವಯಿಸುತ್ತದೆ, ಪೋಸ್ಟ್‌ಗ್ರೆಸ್ ಆವೃತ್ತಿ 15ರಿಂದ ಹ್ಯಾಶ್‌ಗೆ ಅದರ ಎರಡು ಪಟ್ಟು ಸಿಗುತ್ತದೆ. ಬೆಳೆಗಾರರ ಬಾಕಿ ತೋರಿಸುವ ನಮ್ಮ ಪರದೆಯ ಕ್ವೆರಿಯಲ್ಲಿ ಎರಡು ವಿಂಗಡಣೆ, ಒಂದು ಹ್ಯಾಶ್ ಇದ್ದವು. ಅಂದರೆ ಗರಿಷ್ಠ 1 ಜಿಬಿ. ಎಲ್ಲ ಪ್ರಕ್ರಿಯೆಗಳೂ ಹಂಚಿಕೊಳ್ಳುವ ಶೇರ್ಡ್_ಬಫರ್ಸ್‌ನ 4 ಜಿಬಿ ತೆಗೆದರೆ, ಹನ್ನೆರಡು ಜನ ಏಕಕಾಲಕ್ಕೆ ಆ ಪರದೆ ತೆರೆದರೂ ರ್‍ಯಾಮ್ ಬರಿದು. ದತ್ತಾಂಶ ಬೆಳೆದಂತೆಯೇ ಈ ಮಿತಿ ತುಂಬುವುದರಿಂದ ಜೂನ್‌ನಲ್ಲಿ ಏನೂ ಆಗಲಿಲ್ಲ.

ಟಾಪ್ ಆದೇಶ ತೋರಿಸುವ ಪ್ರತಿ ಪ್ರಕ್ರಿಯೆಯ ರೆಸ್ (ಬಳಕೆಯಲ್ಲಿರುವ ಮೆಮೊರಿ) ಅಂಕಿಯನ್ನು ಕೂಡಿಸಿ ಗಾಬರಿಯಾಗಬೇಡಿ. ಅದರಲ್ಲಿ ಶೇರ್ಡ್_ಬಫರ್ಸ್ ಮತ್ತೆ ಮತ್ತೆ ಎಣಿಕೆಯಾಗುತ್ತದೆ. ಆ ಲೆಕ್ಕದ ಹಿಂದೆ ಬಿದ್ದು ನಾನು ಅರ್ಧ ದಿನ ಕಳೆದೆ.

ಈಗ ವರ್ಕ್_ಮೆಮ್ 8 ಎಂಬಿಯಲ್ಲಿದೆ. ವಾರ್ಷಿಕ ವರದಿಯ ಟ್ರಾನ್ಸಾಕ್ಷನ್ ಒಳಗೆ ಮಾತ್ರ ಸೆಟ್ ಲೋಕಲ್ ಬಳಸಿ ಅದನ್ನು ಏರಿಸುತ್ತೇನೆ. ಮಿತಿ ಮೀರಿ ಮೆಮೊರಿ ಕೊಡುವುದಾಗಿ ಲಿನಕ್ಸ್ ಒಪ್ಪಿಕೊಳ್ಳದಂತೆ, ಅದರ ವಿಎಂ ಓವರ್‌ಕಮಿಟ್ ಮೆಮೊರಿ ಸೆಟ್ಟಿಂಗನ್ನು 2ಕ್ಕೆ ಬದಲಿಸಿದ್ದೇನೆ. ಹಾಗೆ ಮಾಡುವವರು ಓವರ್‌ಕಮಿಟ್ ರೇಷಿಯೋವನ್ನೂ ನೋಡಬೇಕು: ಅದು ಮೂಲದ 50ರಲ್ಲೇ ಉಳಿದರೆ, ಸ್ವಾಪ್ (ರ್‍ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಇಲ್ಲದ ಯಂತ್ರದಲ್ಲಿ ಅರ್ಧ ರ್‍ಯಾಮ್‌ಗಿಂತ ಹೆಚ್ಚು ಸಿಗದು. ಚೀಟಿ ಈಗ ಕಮಿಟ್ ಆದ ಮೇಲೆಯೇ ಮುದ್ರಣವಾಗುತ್ತದೆ. ಕಳೆದುಹೋದ ನಮೂದುಗಳನ್ನು ಕಾರ್ಬನ್ ಪ್ರತಿಗಳಿಂದ ಕೈಯಾರೆ ಸೇರಿಸಿದೆವು. ಎರಡು ಚೀಟಿಗಳ ಪ್ರತಿ ಇನ್ನೂ ಸಿಕ್ಕಿಲ್ಲ.