ಓದಿನ ಲೆಕ್ಕ: ನೋಟ್‌ಬುಕ್ಕೋ, ಗುಡ್‌ರೀಡ್ಸೋ, ಗೂಗಲ್ ಶೀಟೋ?

ವರ್ಷವಿಡೀ ಓದಿದ್ದನ್ನು ಎಲ್ಲಿ ಬರೆದಿಡಲಿ ಎಂದು ಕೇಳಿದ್ದೀರಿ. ನೋಟ್‌ಬುಕ್, ಓದಿದ ಪುಸ್ತಕಗಳ ಪಟ್ಟಿ ಇಟ್ಟು ಗೆಳೆಯರಿಗೂ ತೋರಿಸುವ ಗುಡ್‌ರೀಡ್ಸ್ ಜಾಲತಾಣ, ಕಾಲಂ ಹಾಕಿ ಬರೆದಿಡುವ ಗೂಗಲ್ ಶೀಟ್ಸ್, ಮೂರನ್ನೂ ನಾನು ಬಳಸಿದ್ದೇನೆ.

ಖರ್ಚಿನ ಮಾತು ಬೇಗ ಮುಗಿಯುತ್ತದೆ: ನೋಟ್‌ಬುಕ್ಕಿಗೆ ಐವತ್ತೋ ನೂರೋ ರೂಪಾಯಿ, ಗುಡ್‌ರೀಡ್ಸ್ ಮತ್ತು ಗೂಗಲ್ ಶೀಟ್ಸ್ ಪುಕ್ಕಟೆ.

ಸುಲಭದಲ್ಲಿ ಗುಡ್‌ರೀಡ್ಸ್ ಮುಂದು. ಬಾರ್‌ಕೋಡ್‌ಗೆ ಫೋನ್ ಹಿಡಿದರೆ ಪುಸ್ತಕ ಬಂತು, ಡಿಸೆಂಬರಿನಲ್ಲಿ ಒಟ್ಟು ಪುಟಗಳ ಲೆಕ್ಕವೂ ಸಿದ್ಧ. ಆದರೆ ಆ ಬಾರ್‌ಕೋಡ್‌ನಲ್ಲಿರುವುದು ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆ, ಅದು ಶುರುವಾದದ್ದೇ 1970ರಲ್ಲಿ. ಅಜ್ಜನ ಕಪಾಟಿನ ಕನ್ನಡ ಕಾದಂಬರಿಗೆ ಬಾರ್‌ಕೋಡ್ ಎಲ್ಲಿಂದ ಬರಬೇಕು? ನಿಮ್ಮ ಓದು ಹೆಚ್ಚಾಗಿ ಹಳೆಯ ಕನ್ನಡವಾದರೆ ಶೀಟ್ ವಾಸಿ. "ಕೊಂಡಿದ್ದೋ, ಲೈಬ್ರರಿಯದೋ", "ಅರ್ಧಕ್ಕೆ ಬಿಟ್ಟೆ" ಎಂಬ ಕಾಲಂಗಳನ್ನು ನೀವೇ ಹಾಕಿಕೊಳ್ಳಬಹುದು. ಆ ಎರಡನೇ ಕಾಲಂ ನನ್ನ ಬಣ್ಣ ಬಯಲು ಮಾಡಿತು: ಬಿಟ್ಟ ಒಂಬತ್ತರಲ್ಲಿ ಏಳು ಪುಸ್ತಕ ಮೇಳದಲ್ಲಿ ರಿಯಾಯಿತಿಗೆ ಮರುಳಾಗಿ ಕೊಂಡವು!

ಬಾಳಿಕೆ? ನೋಟ್‌ಬುಕ್ ಮಳೆಗೆ ನೆನೆದರೆ ಮುಗಿಯಿತು. ಗುಡ್‌ರೀಡ್ಸ್ 2013ರಿಂದ ಅಮೆಜಾನ್ ಒಡೆತನದಲ್ಲಿದೆ. ಪಟ್ಟಿ ಅವರ ಮನೆಯಲ್ಲಿರುತ್ತದೆ, ವರ್ಷಕ್ಕೊಮ್ಮೆ ಸಿಎಸ್‌ವಿ ಫೈಲಾಗಿ (ಶೀಟ್‌ನಲ್ಲೂ ತೆರೆಯಬಹುದಾದ ಪಟ್ಟಿ) ಇಳಿಸಿಕೊಳ್ಳಿ.

ಹಿಂತಿರುಗಿ ನೋಡುವುದಕ್ಕೆ ಮಾತ್ರ ಕೈಬರಹಕ್ಕೆ ಸಾಟಿ ಕಂಡಿಲ್ಲ. ನನ್ನ ಜುಲೈ ಪುಟದಲ್ಲಿ "ಆಸ್ಪತ್ರೆ ಕಾರಿಡಾರ್, 40 ಪುಟ, ಒಂದೂ ತಲೆಗೆ ಹೋಗಲಿಲ್ಲ" ಎಂದಿದೆ, ಪಕ್ಕದಲ್ಲಿ ಕಾಫಿ ಕಲೆ. ಗುಡ್‌ರೀಡ್ಸಿನಲ್ಲಿ ಕೊಟ್ಟ ನಾಲ್ಕು ಸ್ಟಾರ್ ಇದನ್ನು ಹೇಳದು. ತಿಂಗಳಿಗೆ ಒಂದೆರಡು ಪುಸ್ತಕ ಓದುವವರಿಗೆ ನೋಟ್‌ಬುಕ್ಕೇ ಸಾಕು. ವರ್ಷಕ್ಕೆ ಐವತ್ತು ಪುಸ್ತಕ ದಾಟುವವರು ಶೀಟ್ ಇಟ್ಟುಕೊಳ್ಳಿ. ಗೆಳೆಯರು ನೋಡುತ್ತಿದ್ದಾರೆ ಅಂದರೇ ಓದು ಸಾಗುವುದು ಎನ್ನುವವರಿಗೆ ಗುಡ್‌ರೀಡ್ಸ್.